ಒಂದೇ ಉರಿ, ಎರಡು ಪಾತ್ರೆ

ಪುಣೆಯಿಂದ ನಮ್ಮ ವಾಚಕಿಯೊಬ್ಬರು ಕಾಗದ ಬರೆದಿದ್ದಾರೆ. ಅವರ ಮಗ ಡೆನ್ಮಾರ್ಕಿನ ಕೋಪನ್‌ಹೇಗನ್ನಿಗೆ ಹೋಗಿ ನಾಲ್ಕು ತಿಂಗಳಾಯಿತಂತೆ. ‘ಮನೆಯಲ್ಲಿ ಗೀಸರಿಲ್ಲ, ಬೆಂಕಿಯ ಗೂಡಿಲ್ಲ, ಆದರೂ ಬೆಚ್ಚಗಿದ್ದೇನೆ ಎನ್ನುತ್ತಾನೆ. ನನ್ನ ಸಮಾಧಾನಕ್ಕೆ ಹೇಳುವ ಮಾತೋ ಏನೋ, ನೀವೇ ತಿಳಿಸಬೇಕು’ ಎಂದು ಅವರ ಕೇಳಿಕೆ. ಹುಡುಗ ಹೇಳಿರುವುದು ನಿಜ, ತಾಯಿ.

ನಮ್ಮಲ್ಲಿ ಅನೇಕರ ಅಜ್ಜಿಯ ಅಡಿಗೆಮನೆಯಲ್ಲಿ ಕೋಡೊಲೆಯಿತ್ತು. ಮುಂದೆ ಅನ್ನ ಬೇಯುತ್ತಿದ್ದರೆ, ಅದೇ ಉರಿಯ ಮಿಕ್ಕ ಕಾವಿನಿಂದ ಪಕ್ಕದ ಕೋಡಿನ ಮೇಲೆ ಸಾರು ಕುದಿಯುತ್ತಿತ್ತು. ಸೌದೆ ಒಂದು, ಕೆಲಸ ಎರಡು. ಕೋಪನ್‌ಹೇಗನ್ನಿನವರು ಒಂದು ಇಡೀ ಊರಿಗೆ ಕೋಡೊಲೆ ಹೂಡಿದ್ದಾರೆ.

ಇಂಧನ ಉರಿಸಿ ವಿದ್ಯುತ್ತು ತೆಗೆಯುವ ಕಾರ್ಖಾನೆಯಲ್ಲಿ ಹಬೆ ಟರ್ಬೈನನ್ನು ತಿರುಗಿಸುತ್ತದೆ. ಉರಿಸಿದ ಶಕ್ತಿಯಲ್ಲಿ ವಿದ್ಯುತ್ತಾಗುವುದು ಸುಮಾರು ಮೂರರಲ್ಲೊಂದು ಪಾಲು, ಹೊಸ ಯಂತ್ರಗಳಲ್ಲಿ ಇನ್ನು ಸ್ವಲ್ಪ ಹೆಚ್ಚು. ಮಿಕ್ಕದ್ದು ಬಹುಪಾಲು ಗಾಳಿಗೋ ನೀರಿಗೋ ಹೋಗುತ್ತದೆ. ರೈಲಿನಲ್ಲಿ ಹೋಗುವಾಗ ದಪ್ಪ ಗೋಪುರಗಳ ಮೇಲೆ ಬಿಳಿಯ ಮೋಡ ಏಳುವುದನ್ನು ನೀವು ನೋಡಿರಬಹುದು. ಅದು ಹೊಗೆಯಲ್ಲ, ಆವಿ; ಕೊಳ್ಳುವವರಿಲ್ಲದೆ ಚೆಲ್ಲಿದ ಬಿಸಿ. ಕೋಪನ್‌ಹೇಗನ್ನಿನಲ್ಲಿ ಆ ಬಿಸಿಯನ್ನು ನೀರಿಗೆ ಕೊಟ್ಟು, ಕಾವು ಸೋರದಂತೆ ಕವಚ ಹೊದಿಸಿದ ಕೊಳವೆಗಳಲ್ಲಿ ಬೀದಿಯಡಿ ಮನೆಮನೆಗೆ ಹರಿಸುತ್ತಾರೆ. ಕಾವು ಕೊಟ್ಟು ತಣಿದ ನೀರು ಮತ್ತೆ ಕಾರ್ಖಾನೆಗೆ ಬರುತ್ತದೆ. ಹೀಗೆ ಮಾಡಿದಾಗ ವಿದ್ಯುತ್ತು ತುಸು ಕಡಿಮೆಯಾಗುವುದುಂಟು. ಆದರೆ ಇಂಧನದಲ್ಲಿ ನೂರಕ್ಕೆ 80ರಿಂದ 90 ಪಾಲು ಉಪಯೋಗಕ್ಕೆ ಬರುತ್ತದೆ.

ಇದು ಶುರುವಾದದ್ದು ಕಸದಿಂದ. ಪಕ್ಕದ ಫ್ರೆಡರಿಕ್ಸ್‌ಬೆರ್ಗಿನಲ್ಲಿ ಕಸ ಸುರಿಯಲು ಜಾಗ ಸಾಲದೆ, 1903ರಲ್ಲಿ ಅದನ್ನು ಸುಟ್ಟು, ಆ ಕಾವಿನಿಂದ ಆಸ್ಪತ್ರೆಯೊಂದನ್ನು ಬೆಚ್ಚಗಿಟ್ಟರು. ಮುಂದೆ 1973ರಲ್ಲಿ ತೈಲದ ಮುಗ್ಗಟ್ಟು ಬಂತು. ಆಗ ಡೆನ್ಮಾರ್ಕಿನ ಶಕ್ತಿಯಲ್ಲಿ ನೂರಕ್ಕೆ ತೊಂಬತ್ತರಷ್ಟು ಪರದೇಶದ ಎಣ್ಣೆಯೇ. ಭಾನುವಾರ ಕಾರು ಓಡಿಸುವುದನ್ನೇ ಸರ್ಕಾರ ನಿಲ್ಲಿಸಬೇಕಾಯಿತು. ಏಟು ತಿಂದವರು 1979ರಲ್ಲಿ ಶಾಖದ ಸರಬರಾಯಿಗೆಂದೇ ಶಾಸನ ಮಾಡಿದರು. ಇಂದು ಆ ದೇಶದ ಮೂರರಲ್ಲಿ ಸುಮಾರು ಎರಡು ಪಾಲು ಮನೆಗಳಿಗೆ, ಕೋಪನ್‌ಹೇಗನ್ನಿನಲ್ಲಿ ಹೆಚ್ಚುಕಡಿಮೆ ಎಲ್ಲಕ್ಕೂ, ಕಾವು ಕೊಳವೆಯಿಂದಲೇ ಬರುತ್ತದೆ. ಅದರಿಂದ ಲಾಭ ಮಾಡುವಂತಿಲ್ಲ. ಎಷ್ಟೋ ಊರುಗಳಲ್ಲಿ ಬಳಕೆದಾರರ ಸಹಕಾರ ಸಂಘವೇ ಒಡೆಯ. ವಾರ್ಷಿಕ ಸಭೆಯಲ್ಲಿ ಚಹದ ಖರ್ಚಿಗೇ ಒಂದು ಗಂಟೆ ವಾದಿಸುವ ನಮಗೆ ಇದು ಬೆರಗಿನ ಸಂಗತಿಯೇ ಸರಿ.

ಹುಳುಕಿಲ್ಲವೆಂದಲ್ಲ. ಕೊಳವೆ ಬಂದ ಬೀದಿಯಲ್ಲಿ ಬೇಡವೆನ್ನುವ ಸ್ವಾತಂತ್ರ್ಯ ಒಂದು ಕಾಲಕ್ಕೆ ಅನೇಕರಿಗಿರಲಿಲ್ಲ. ಕಸ ಸುಡಲು ದೊಡ್ಡ ಒಲೆ ಕಟ್ಟಿದ ಮೇಲೆ ಅದಕ್ಕೆ ಉಣ್ಣಿಸಲು ಹೊರದೇಶದ ಕಸ ತರಿಸಿದ್ದೂ ಉಂಟು. ನಮಗಂತೂ ಇದು ಸರಿಕಾಣದು.

‘ನಮ್ಮ ಸೆಖೆಗೆ ಬಿಸಿನೀರು ಯಾರಿಗೆ ಬೇಕು?’ ಎಂದು ಮದರಾಸಿನ ಸ್ನೇಹಿತರು ಕೇಳಿಯಾರು. ಮಂಡ್ಯದ ಕಡೆಯವರು ಬಲ್ಲರು: ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಸಿಪ್ಪೆ ಉರಿಸಿದ ಹಬೆ ಟರ್ಬೈನು ತಿರುಗಿಸಿ, ಆಮೇಲೆ ರಸವನ್ನೂ ಕುದಿಸುತ್ತದೆ. ತಂಪಿಗೂ ಕಾವಿನಿಂದ ದಾರಿಯುಂಟು. ಲಿಥಿಯಂ ಬ್ರೋಮೈಡೆಂಬ ಲವಣದ ದ್ರಾವಣ ನೀರಿನಾವಿಯನ್ನು ಹೀರುತ್ತದೆ. ಹಾಗೆ ಆವಿಯಾಗುವ ನೀರು ತನ್ನ ಸುತ್ತಲಿನದನ್ನು ತಣಿಸುತ್ತದೆ. ದ್ರಾವಣವನ್ನು ಕಾಯಿಸಿದರೆ ಹೀರಿದ ನೀರನ್ನು ಬಿಟ್ಟು ಮತ್ತೆ ಕೆಲಸಕ್ಕೆ ಸಿದ್ಧ. ತಣ್ಣೀರನ್ನು ಕೊಳವೆಯಲ್ಲಿ ಹಲವು ಕಟ್ಟಡಗಳಿಗೆ ಹಂಚುವ ಏರ್ಪಾಡು ಗುಜರಾತಿನ ಗಿಫ್ಟ್ ಸಿಟಿಯಲ್ಲಿ ಆಗಲೇ ಇದೆ. ದೆಹಲಿಯ ನಮ್ಮ ಬೀದಿಯಲ್ಲೋ, ಪ್ರತಿ ಮನೆಯ ಏರ್ ಕಂಡೀಷನರೂ ತನ್ನ ಬಿಸಿಯನ್ನು ನೆರೆಯವರ ಕಿಟಕಿಗೆ ಉಗುಳುತ್ತಿದೆ.

ಇನ್ನು ನಮ್ಮ ಪುಣೆಯ ತಾಯಿಯವರಿಗೆ ಒಂದು ಮಾತು. ಮಗನಿಗೆ ಹೀಟರು ಕಳಿಸಬೇಡಿ. ಒಂದು ಕೋಣೆಯ ರೇಡಿಯೇಟರನ್ನು ಪೂರ್ತಿ ತಿರುಗಿಸುವ ಬದಲು ಎಲ್ಲವನ್ನೂ ಸ್ವಲ್ಪಸ್ವಲ್ಪ ತೆರೆದಿಡಲು ಬರೆಯಿರಿ. ನೀರು ಚೆನ್ನಾಗಿ ತಣಿಯದೆ ಹಿಂದಿರುಗಿದರೆ ಅಲ್ಲಿ ಎಷ್ಟೋ ಕಡೆ ಹೆಚ್ಚಿನ ಶುಲ್ಕ ಹಾಕುತ್ತಾರೆ.