ಸಣ್ಣ ಸಭಾಗೃಹ, ದೊಡ್ಡ ಧ್ವನಿವರ್ಧಕ

ಮುಂಬಯಿಯ ಉಪನಗರಗಳಲ್ಲಿ ಶಾಲೆಯ ಕೊಠಡಿಯಲ್ಲೋ ದೇವಾಲಯದ ಮಾಳಿಗೆಯಲ್ಲೋ ನಡೆಯುವ ಸಂಗೀತ ಕಚೇರಿ ನಮ್ಮಲ್ಲನೇಕರ ಭಾನುವಾರದ ಸುಖ. ನೂರು ಜನ ಕೂಡುವ ಇಂಥ ಕಡೆ ಗಾಯಕರ ಉಸಿರೂ ಕೇಳಿಸಬೇಕು. ಈಚೆಗೆ ಕೇಳಿಸುತ್ತಿರುವುದು ಧ್ವನಿವರ್ಧಕ ಮಾತ್ರ.

ಕಳೆದ ವರ್ಷ ಅಪರಿಚಿತವಾದ ಒಂದು ಸಭಾಗೃಹಕ್ಕೆ ತಡವಾಗಿ ಹೋಗಿ, ತಂದೆಯವರನ್ನು ಮೊದಲ ಸಾಲಿನಲ್ಲಿ ಧ್ವನಿವರ್ಧಕದ ಎದುರಿಗೇ ಕೂರಿಸಿದೆ. ಗೌರವದ ಆಸನವೆಂದು ಭಾವಿಸಿದ್ದೆ. ಮುಂದೆ ಎರಡು ದಿನ ಅವರ ಕಿವಿಯಲ್ಲಿ ಗುಂಯ್ ಎಂಬ ಸದ್ದು ನಿಲ್ಲಲಿಲ್ಲ. “ತಂಬೂರಿ ಇನ್ನೂ ನಡೆದಿದೆಯಪ್ಪ” ಎಂದು ಅವರು ನಕ್ಕರು. ನನಗೆ ನಗು ಬರಲಿಲ್ಲ.

ಬ್ಯಾಂಕಿನವನಾದ್ದರಿಂದ ಲೆಕ್ಕವನ್ನೇ ಹೇಳುತ್ತೇನೆ. ಕೆಲಸದ ಸ್ಥಳಗಳಿಗಾಗಿ ತಜ್ಞರು ವಿಧಿಸಿರುವ ಮಿತಿಯೊಂದರಂತೆ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಪ್ರತಿ 3 ಡೆಸಿಬೆಲ್ ಏರಿಕೆಗೆ ಅವಧಿ ಅರ್ಧಕ್ಕಿಳಿಯುತ್ತದೆ. 100ಕ್ಕೇರಿದರೆ ಉಳಿಯುವುದು ಕಾಲು ಗಂಟೆ. ನಮ್ಮ ಕಚೇರಿಗಳಾದರೋ ಮೂರು ಗಂಟೆ! ಒಳಕಿವಿಯ ಸೂಕ್ಷ್ಮ ರೋಮಕೋಶಗಳು ನಾಶವಾದರೆ ಮತ್ತೆ ಹುಟ್ಟುವುದಿಲ್ಲ.

ಆದುದರಿಂದ ಹೊಸ ಜಾಗಕ್ಕೆ ಅರ್ಧ ಗಂಟೆ ಮೊದಲೇ ಹೋಗಿರಿ. ಧ್ವನಿವರ್ಧಕಗಳೂ ಹೊರಬಾಗಿಲೂ ಎಲ್ಲಿವೆಯೆಂದು ನೋಡಿಕೊಂಡು, ಅವುಗಳ ನೇರಕ್ಕಲ್ಲದ ಹಿಂದಿನ ಸಾಲನ್ನು ಹಿಡಿಯಿರಿ. ಪಕ್ಕದವರೊಡನೆ ಕೂಗಿ ಮಾತನಾಡಬೇಕಾಗಿ ಬಂದರೆ ಸದ್ದು ಮಿತಿಮೀರಿದೆಯೆಂದೇ ತಿಳಿಯಿರಿ. ಹತ್ತಿ ಸಾಲದು, ಔಷಧದ ಅಂಗಡಿಯಲ್ಲಿ ದೊರೆಯುವ ಇಯರ್ ಪ್ಲಗ್ ಜೇಬಿನಲ್ಲಿರಲಿ. ವಿರಾಮದಲ್ಲಿ ವ್ಯವಸ್ಥಾಪಕರಿಗೆ ಹೇಳಲು ಸಂಕೋಚ ಬೇಡ. ನಮ್ಮ ಸಂಘದ ವಾರ್ಷಿಕೋತ್ಸವಕ್ಕೂ ಇದು ಅನ್ವಯಿಸುತ್ತದೆ, ಪದಾಧಿಕಾರಿಗಳು ಬೇಸರಿಸಬಾರದು.