ಸಿಂಹಾಸನ ಮರಳಿದರೆ ನೇಪಾಳಕ್ಕೆ ನೆಮ್ಮದಿ ಮರಳೀತೇ?

2025ರ ಮಾರ್ಚ್ 9ರಂದು ಕಾಠ್ಮಂಡುವಿನ ವಿಮಾನ ನಿಲ್ದಾಣದ ಹೊರಗೆ ಸಾವಿರಾರು ಜನ ನೆರೆದು ಮಾಜಿ ದೊರೆ ಜ್ಞಾನೇಂದ್ರ ಷಾ ಅವರನ್ನು ಜಯಘೋಷದೊಂದಿಗೆ ಬರಮಾಡಿಕೊಂಡರು. ದೊರೆ ಮರಳಿ ಬಂದು ದೇಶವನ್ನು ಉಳಿಸಬೇಕೆಂಬುದು ಅವರ ಕೂಗಾಗಿತ್ತು. ಅದೇ ತಿಂಗಳ 28ರಂದು ನಡೆದ ಇಂಥದೇ ಪ್ರದರ್ಶನ ಹಿಂಸೆಗೆ ತಿರುಗಿ ಇಬ್ಬರು ಪ್ರಾಣ ಕಳೆದುಕೊಂಡರು. 2008ರ ಮೇ 28ರಂದು ಸಂವಿಧಾನ ಸಭೆ 560 ಮತಗಳಿಂದ, ಕೇವಲ 4 ಮತಗಳ ವಿರೋಧದೊಡನೆ, ಕೊನೆಗಾಣಿಸಿದ ಅರಸೊತ್ತಿಗೆಯನ್ನು ಹದಿನೇಳೇ ವರ್ಷಗಳಲ್ಲಿ ಜನ ಮತ್ತೆ ನೆನೆಯುವಂತಾದುದೇಕೆ? ವಂಶಪಾರಂಪರ್ಯದ ದೊರೆತನವನ್ನು ಒಂದು ದೇಶ ಇರಿಸಿಕೊಳ್ಳಬೇಕೇ ಎಂಬ ಹಳೆಯ ಪ್ರಶ್ನೆ ಈ ಹಿನ್ನೆಲೆಯಲ್ಲಿ ಮತ್ತೆ ವಿಚಾರಾರ್ಹವಾಗಿದೆ.

ಮುಂಬಯಿಯಲ್ಲಿ ನೆಲೆಸಿದ ನಮಗೆ ನೇಪಾಳ ದೂರದ ದೇಶವೇನೂ ಅಲ್ಲ. ನಾವು ನಿದ್ರಿಸುವಾಗ ನಮ್ಮ ಕಟ್ಟಡಗಳನ್ನು ಕಾಯುವವರಲ್ಲಿ ಎಷ್ಟೋ ಮಂದಿ ಆ ನಾಡಿನವರು. ಹೊರನಾಡುಗಳಲ್ಲಿ ದುಡಿಯುವವರು ಊರಿಗೆ ಕಳುಹಿಸುವ ಹಣವೇ ಆ ದೇಶದ ಒಟ್ಟು ಉತ್ಪನ್ನದ ಸುಮಾರು ಕಾಲು ಭಾಗಕ್ಕೆ ಸಮ. ಹೊಟ್ಟೆಪಾಡಿಗಾಗಿ ಊರು ಬಿಟ್ಟವರ ನೋವು ನಮಗೆ ತಿಳಿಯದ್ದಲ್ಲ. ಗಣರಾಜ್ಯ ಬಂದ ಮೇಲೆಯೂ ಆ ವಲಸೆ ನಿಲ್ಲಲಿಲ್ಲ. ಪಕ್ಷಗಳು ಕುರ್ಚಿಯಾಟದಲ್ಲಿ ಮುಳುಗಿದವು. 2008ರಿಂದ 2025ರವರೆಗೆ ಒಬ್ಬ ಪ್ರಧಾನಿಯೂ ಐದು ವರ್ಷದ ಅವಧಿಯನ್ನು ಪೂರೈಸಲಿಲ್ಲ. ಹೀಗೆ ಬೇಸತ್ತ ಜನ ಹಳೆಯದರತ್ತ ತಿರುಗಿ ನೋಡಿದರೆ ಅದು ಸಹಜವೇ. ಅವರ ಅಸಮಾಧಾನ ನ್ಯಾಯವಾದುದೆಂಬುದರಲ್ಲಿ ಎರಡು ಮಾತಿಲ್ಲ.

ಆದರೆ ಹಳೆಯದು ಹೇಗಿತ್ತು? 2001ರ ಜೂನ್ 1ರ ರಾತ್ರಿ ನಾರಾಯಣಹಿತಿ ಅರಮನೆಯಲ್ಲಿ ದೊರೆ ಬೀರೇಂದ್ರ, ರಾಣಿ ಐಶ್ವರ್ಯ ಸಹಿತ ರಾಜಕುಟುಂಬದ ಅನೇಕರು ಗುಂಡಿಗೆ ಬಲಿಯಾದರು. ಗುಂಡು ಹಾರಿಸಿದವನು ಯುವರಾಜ ದೀಪೇಂದ್ರನೇ ಎಂದು ಅಧಿಕೃತ ತನಿಖೆ ಹೇಳಿತು. ಆ ಯುವರಾಜ ಪ್ರಜ್ಞಾಹೀನನಾಗಿ ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ ಆತನನ್ನು ದೊರೆಯೆಂದು ಘೋಷಿಸಲಾಯಿತು! ಮೂರನೆಯ ದಿನ ಆತ ತೀರಿಕೊಂಡ ಬಳಿಕ ಚಿಕ್ಕಪ್ಪ ಜ್ಞಾನೇಂದ್ರ ಪಟ್ಟಕ್ಕೇರಿದರು. ಯೋಗ್ಯತೆ, ಅಪರಾಧ, ಜನರ ಇಚ್ಛೆ ಯಾವುದನ್ನೂ ಕೇಳದೆ ಹುಟ್ಟನ್ನು ಮಾತ್ರ ಕೇಳುವ ನಿಯಮ ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ದೊರೆ ಪಕ್ಷಗಳ ಜಗಳಕ್ಕೆ ಅತೀತನಾಗಿ ಎಲ್ಲರಿಗೂ ತಂದೆಯಂತಿರುತ್ತಾನೆ ಎಂಬುದು ಅರಸೊತ್ತಿಗೆಯ ಬೆಂಬಲಿಗರ ಮುಖ್ಯ ವಾದ. ನೇಪಾಳದ ಇತಿಹಾಸ ಇದನ್ನು ಸಮರ್ಥಿಸುವುದಿಲ್ಲ. 1960ರಲ್ಲಿ ದೊರೆ ಮಹೇಂದ್ರ ಜನರಿಂದ ಆರಿಸಿ ಬಂದ ಬಿ. ಪಿ. ಕೊಯಿರಾಲಾ ಸರಕಾರವನ್ನು ವಜಾ ಮಾಡಿ ಅವರನ್ನು ಸೆರೆಗೆ ತಳ್ಳಿದರು. ಪಕ್ಷಗಳು ಮತ್ತೆ ತಲೆಯೆತ್ತಲು 1990ರ ಜನಾಂದೋಲನವೇ ಬೇಕಾಯಿತು. 2005ರ ಫೆಬ್ರವರಿ 1ರಂದು ಜ್ಞಾನೇಂದ್ರ ಅವರೂ ತಂದೆ ಮಹೇಂದ್ರರ ಹಾದಿಯನ್ನೇ ತುಳಿದು ಸರ್ವಾಧಿಕಾರವನ್ನು ಕೈಗೆತ್ತಿಕೊಂಡರು. 2006ರ ಏಪ್ರಿಲಿನಲ್ಲಿ ಜನ 19 ದಿನ ಬೀದಿಯಲ್ಲಿ ನಿಂತ ಮೇಲಷ್ಟೇ ಅವರು ಮಣಿದರು.

ನೆರೆಯ ಭೂತಾನದ ಕಥೆ ಬೇರೆ. ಅಲ್ಲಿಯ ನಾಲ್ಕನೆಯ ದೊರೆ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್ 2006ರಲ್ಲಿ ತಾವಾಗಿ ಪಟ್ಟ ಬಿಟ್ಟುಕೊಟ್ಟರು. ನೇಪಾಳ ದೊರೆಯನ್ನು ಕಳುಹಿಸಿಕೊಟ್ಟ 2008ರಲ್ಲೇ ಭೂತಾನ ಚುನಾವಣೆ ನಡೆಸಿ ಸಂವಿಧಾನವನ್ನು ಅಂಗೀಕರಿಸಿತು. ಅದರ ಪ್ರಕಾರ ದೊರೆ 65ನೆಯ ವಯಸ್ಸಿಗೆ ನಿವೃತ್ತನಾಗಬೇಕು. ಸಂಸತ್ತಿನ ಬಹುಮತ ಮತ್ತು ಜನಮತಗಣನೆಯ ಮೂಲಕ ದೊರೆಯನ್ನು ಕೆಳಗಿಳಿಸಲೂ ಬಹುದು. ನಮ್ಮ ಬ್ಯಾಂಕಿನ ನೌಕರರಂತೆ ದೊರೆಗೂ ನಿವೃತ್ತಿ! ಆದರೂ ಮರೆಯಬಾರದ ಸಂಗತಿಯೊಂದಿದೆ. ಅದೇ ದೊರೆಯ ಆಳ್ವಿಕೆಯಲ್ಲಿ, 1990ರ ದಶಕದ ಆರಂಭದಲ್ಲಿ, ನೇಪಾಳಿ ಭಾಷಿಕರಾದ ಸುಮಾರು ಒಂದು ಲಕ್ಷ ಮಂದಿ ಮನೆಮಠ ತೊರೆದು ನೇಪಾಳದ ನಿರಾಶ್ರಿತರ ಶಿಬಿರಗಳನ್ನು ಸೇರಿದರು. ಒಳ್ಳೆಯ ದೊರೆಯನ್ನು ಪಡೆಯುವುದು ಅದೃಷ್ಟದ ಮಾತು. ಆ ಅದೃಷ್ಟವೂ ಎಲ್ಲ ಪ್ರಜೆಗಳಿಗೆ ಸಮನಾಗಿ ದೊರೆಯುವುದಿಲ್ಲ.

ಬ್ರಿಟನ್, ಜಪಾನ್, ನಾರ್ವೆಗಳಲ್ಲಿ ಸಿಂಹಾಸನ ಉಳಿದಿಲ್ಲವೇ ಎಂದು ಕೇಳಬಹುದು. ಉಳಿದಿದೆ, ಆಳುವ ಅಧಿಕಾರವನ್ನು ಬಿಟ್ಟುಕೊಟ್ಟುದರಿಂದ ಉಳಿದಿದೆ. ನಾರ್ವೆಯ ಜನ 1905ರಲ್ಲಿ ಮತ ಹಾಕಿಯೇ ದೊರೆಯನ್ನು ಒಪ್ಪಿಕೊಂಡರು. ನೇಪಾಳದಲ್ಲಿ ಕೇಳಿಬಂದ ಕೂಗಾದರೋ ಅಲಂಕಾರದ ದೊರೆಗಾಗಿ ಅಲ್ಲ, ದೇಶವನ್ನು ಸರಿಪಡಿಸುವ ದೊರೆಗಾಗಿ. ಸರಿಪಡಿಸಬೇಕಾದರೆ ಅಧಿಕಾರ ಬೇಕು. ಅಧಿಕಾರ ಕೊಟ್ಟರೆ 2005 ಮರುಕಳಿಸದೆಂಬುದಕ್ಕೆ ಜಾಮೀನು ಯಾರು?

ದೊರೆ ಹೋದರೆ ಧರ್ಮ, ಪರಂಪರೆ ಅಳಿಯುತ್ತವೆ ಎಂಬ ಅಳುಕು ಇನ್ನೊಂದು. ಕನ್ನಡಿಗರಿಗೆ ಸಂಬಂಧಿಸಿದ ಉದಾಹರಣೆಯೇ ಇಲ್ಲಿದೆ. ಕಾಠ್ಮಂಡುವಿನ ಪಶುಪತಿನಾಥ ದೇವಾಲಯದಲ್ಲಿ ಪೂಜೆ ಸಲ್ಲಿಸುವವರು ಕರ್ನಾಟಕ ಮೂಲದ ಭಟ್ಟರು. ಅರಸೊತ್ತಿಗೆ ಹೋದ ಬಳಿಕ, 2008ರ ಕೊನೆಯಲ್ಲಿ, ಅಂದಿನ ಸರಕಾರ ಅವರ ಬದಲಿಗೆ ನೇಪಾಳಿ ಅರ್ಚಕರನ್ನು ನೇಮಿಸಿತು. ಭಕ್ತರು ಪ್ರತಿಭಟಿಸಿದರು, ವ್ಯಾಜ್ಯ ನ್ಯಾಯಾಲಯಕ್ಕೆ ಹೋಯಿತು, ಸರಕಾರ ಹಿಂದೆ ಸರಿಯಿತು. 2009ರ ಸೆಪ್ಟೆಂಬರಿನಲ್ಲಿ ಹೊಸದಾಗಿ ನೇಮಕಗೊಂಡ ಕರ್ನಾಟಕದ ಇಬ್ಬರು ಅರ್ಚಕರ ಮೇಲೆ ಹಲ್ಲೆಯೂ ಆಯಿತು. ಆದರೂ ಪರಂಪರೆ ಮುರಿಯಲಿಲ್ಲ. ಅದನ್ನು ಉಳಿಸಿದ್ದು ಸಿಂಹಾಸನವಲ್ಲ. ಭಕ್ತರ ನಿಷ್ಠೆ ಮತ್ತು ನ್ಯಾಯಾಲಯ. ನಮ್ಮ ಮೈಸೂರನ್ನೇ ನೋಡೋಣ. 1971ರಲ್ಲಿ ರಾಜಧನ, ಬಿರುದುಗಳು ರದ್ದಾದವು. ದಸರೆ ನಾಡಹಬ್ಬವಾಗಿ ನಡೆದುಕೊಂಡು ಬಂತು. ಒಡೆಯರ ಮನೆತನದ ಯದುವೀರ ಅವರು 2024ರಲ್ಲಿ ಜನರ ಮತ ಕೇಳಿಯೇ ಲೋಕಸಭೆಗೆ ಹೋದರು. ಗೌರವವನ್ನು ಕಳೆದುಕೊಳ್ಳದೆ ಉತ್ತರದಾಯಿತ್ವಕ್ಕೆ ಒಳಪಡುವ ದಾರಿ ಇದೇ.

2025ರ ಸೆಪ್ಟೆಂಬರಿನಲ್ಲಿ ನೇಪಾಳದ ಯುವಜನ ಭ್ರಷ್ಟಾಚಾರದ ವಿರುದ್ಧ ಸಿಡಿದೆದ್ದರು. 70ಕ್ಕೂ ಹೆಚ್ಚು ಜೀವಗಳು ಹೋದವು, ಸಂಸತ್ ಭವನ ಸುಟ್ಟಿತು, ಪ್ರಧಾನಿ ಕೆ. ಪಿ. ಶರ್ಮಾ ಓಲಿ ರಾಜೀನಾಮೆ ಕೊಟ್ಟರು. ಅರಮನೆಗೆ ಮರಳಲು ಇದಕ್ಕಿಂತ ಅನುಕೂಲದ ಗಳಿಗೆ ಬೇರೆ ಇರಲಿಲ್ಲ. ಆದರೆ ಮಧ್ಯಂತರ ಆಡಳಿತದ ಹೊಣೆ ಹೋದದ್ದು ನಿವೃತ್ತ ಮುಖ್ಯ ನ್ಯಾಯಮೂರ್ತಿ ಸುಶೀಲಾ ಕಾರ್ಕಿ ಅವರಿಗೆ, ಅದೂ ಚುನಾವಣೆಯ ದಿನಾಂಕವನ್ನು ನಿಗದಿಪಡಿಸಿಯೇ. ಸುಡುವ ಸಿಟ್ಟಿನ ನಡುವೆಯೂ ತೋರಿದ ಈ ವಿವೇಕ ಗಮನಾರ್ಹ.

ಬ್ಯಾಂಕಿನಲ್ಲಿ ಬದುಕು ಸವೆಸಿದ ನಮಗೆ ಒಂದು ಸತ್ಯ ಗೊತ್ತು: ಲೆಕ್ಕಪರಿಶೋಧನೆಯಿಲ್ಲದ ಖಜಾನೆ ಎಷ್ಟೇ ಪ್ರಾಮಾಣಿಕನ ಕೈಯಲ್ಲಿದ್ದರೂ ಸುರಕ್ಷಿತವಲ್ಲ. ಕೆಟ್ಟ ಮಂತ್ರಿಯನ್ನು ಇಳಿಸಲು ಮತಪೆಟ್ಟಿಗೆಯಿದೆ. ಕೆಟ್ಟ ದೊರೆಯನ್ನು ಇಳಿಸಲು ನೇಪಾಳಿಗಳು ನೆತ್ತರು ಸುರಿಸಬೇಕಾಯಿತು. ಗಣರಾಜ್ಯದ ಕಾಯಿಲೆಗೆ ಔಷಧಿಯನ್ನು ಗಣರಾಜ್ಯದೊಳಗೇ ಹುಡುಕಬೇಕು. ನಮ್ಮ ಕಟ್ಟಡದ ಬಾಗಿಲು ಕಾಯುವವನ ಮಗ ತನ್ನೂರಿನಲ್ಲೇ ದುಡಿದು ಉಣ್ಣುವಂತಾಗಲು ಬೇಕಾದದ್ದು ಕಿರೀಟವಲ್ಲ, ಲೆಕ್ಕ ಒಪ್ಪಿಸುವ ಸರಕಾರ.