ಒಂದೇ ಪಂದ್ಯಾವಳಿ, ಒಂದೇ ಕಿರೀಟ

ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿರುವ ಮಗಳ ಮನೆಯಲ್ಲಿ ನಾನು ಕಳೆದ ದಿನಗಳ ಬಗ್ಗೆ ಬರೆಯಬೇಕೆಂದು ಹಳೆಯ ವಿದ್ಯಾರ್ಥಿಗಳು ಹಲವರು ಕೇಳಿದ್ದಾರೆ. ಅಲ್ಲಿಯ ಮಾಲ್‌ಗಳನ್ನಾಗಲೀ ಹೆದ್ದಾರಿಗಳನ್ನಾಗಲೀ ವರ್ಣಿಸುವ ಉತ್ಸಾಹ ನನಗಿಲ್ಲ. ಅವುಗಳನ್ನು ನಿಮ್ಮಲ್ಲಿ ಅನೇಕರು ನನಗಿಂತ ಚೆನ್ನಾಗಿ ಬಲ್ಲಿರಿ. ಮೂವತ್ತಕ್ಕೂ ಹೆಚ್ಚು ವರ್ಷ ಪ್ರೌಢಶಾಲೆಯಲ್ಲಿ ಪಾಠ ಹೇಳಿದವನನ್ನು ಹಿಡಿದು ನಿಲ್ಲಿಸಿದ್ದು ಬೇರೊಂದು ಸಂಗತಿ: ಆ ರಾಜ್ಯದ ಜನರಿಗೆ ಪ್ರೌಢಶಾಲಾ ಮಕ್ಕಳ ಬ್ಯಾಸ್ಕೆಟ್‌ಬಾಲ್ ಆಟದ ಮೇಲಿರುವ ಅಸಾಧಾರಣ ಮೋಹ.

ಈ ಆಟ ಹುಟ್ಟಿದ್ದು ಇಂಡಿಯಾನಾದಲ್ಲಲ್ಲ. 1891ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು ಹಣ್ಣಿನ ಬುಟ್ಟಿಗಳನ್ನು ಮೇಲೆ ಕಟ್ಟಿ ಇದನ್ನು ಆರಂಭಿಸಿದರು. ಆದರೆ ಅದು ಬೇರೂರಿದ್ದು ಇಂಡಿಯಾನಾದ ಮುಸುಕಿನ ಜೋಳದ ಹೊಲಗಳ ನಡುವಿನ ಪುಟ್ಟ ಊರುಗಳಲ್ಲಿ. ಚಳಿಗಾಲದಲ್ಲಿ ಹೊಲದ ಕೆಲಸವಿಲ್ಲ. ಐದು ಮಂದಿ ಹುಡುಗರಿದ್ದರೆ ಒಂದು ತಂಡವಾಯಿತು. 1911ರಲ್ಲಿ ರಾಜ್ಯಮಟ್ಟದ ಪಂದ್ಯಾವಳಿ ಆರಂಭವಾಯಿತು. ನ್ಯೂಕ್ಯಾಸಲ್ ಎಂಬ ಸಾಧಾರಣ ಊರಿನಲ್ಲಿ 1959ರಲ್ಲಿ ಶಾಲೆಗೆಂದು ಕಟ್ಟಿದ ಒಳಾಂಗಣ ಕ್ರೀಡಾಂಗಣದಲ್ಲಿ 9,000ಕ್ಕೂ ಹೆಚ್ಚು ಆಸನಗಳಿದ್ದವು! 1990ರ ಅಂತಿಮ ಪಂದ್ಯವನ್ನು ನೋಡಲು ಇಂಡಿಯಾನಾಪೊಲಿಸ್ ನಗರದಲ್ಲಿ 41,000ಕ್ಕೂ ಮಿಕ್ಕಿ ಜನ ಸೇರಿದ್ದರು. ಶಾಲಾ ಹುಡುಗರ ಆಟಕ್ಕೆ! ಕೊಡೆ ಹಿಡಿದು ನಿಂತ ಹತ್ತಿಪ್ಪತ್ತು ಊರವರ ಎದುರಿಗೆ ಹೋಬಳಿ ಮಟ್ಟದ ಖೋ-ಖೋ ಆಡಿಸಿದ ನನಗೆ ಹೊಟ್ಟೆಕಿಚ್ಚಾಯಿತೆಂದರೆ ತಪ್ಪೇನು?

ಆ ಪಂದ್ಯಾವಳಿಯ ವೈಶಿಷ್ಟ್ಯವೆಂದರೆ ಶಾಲೆ ದೊಡ್ಡದಿರಲಿ, ಚಿಕ್ಕದಿರಲಿ, ಎಲ್ಲರಿಗೂ ಒಂದೇ ಸ್ಪರ್ಧೆ, ಒಂದೇ ಕಿರೀಟ. 1954ರಲ್ಲಿ ಕೇವಲ 161 ವಿದ್ಯಾರ್ಥಿಗಳಿದ್ದ ಮಿಲಾನ್ ಎಂಬ ಹಳ್ಳಿಯ ಶಾಲೆ, ತನಗಿಂತ ಹತ್ತು ಪಟ್ಟು ದೊಡ್ಡದಾದ ಮನ್ಸೀ ಸೆಂಟ್ರಲ್ ಶಾಲೆಯನ್ನು 32-30ರಿಂದ ಸೋಲಿಸಿತು. ಬಾಬಿ ಪ್ಲಂಪ್ ಎಂಬ ಹುಡುಗ ಕೊನೆಯ ಭಾಗದಲ್ಲಿ ನಾಲ್ಕು ನಿಮಿಷಕ್ಕೂ ಹೆಚ್ಚು ಕಾಲ ಚೆಂಡನ್ನು ಹಿಡಿದು ಸುಮ್ಮನೆ ನಿಂತಿದ್ದನಂತೆ. ಕಡೆಯ ಕ್ಷಣದಲ್ಲಿ ಗೆಲುವಿನ ಬುಟ್ಟಿ ಹಾಕಿದವನೂ ಅವನೇ. ಈ ಕಥೆಯಿಂದ ಸ್ಫೂರ್ತಿಗೊಂಡು 1986ರಲ್ಲಿ ‘ಹೂಸಿಯರ್ಸ್’ ಎಂಬ ಚಲನಚಿತ್ರ ಬಂದಿತು. ಹೂಸಿಯರ್ ಎಂದರೆ ಇಂಡಿಯಾನಾದವನು ಎಂದರ್ಥ. ನನ್ನ ಅಳಿಯಂದಿರು ಅದನ್ನು ನನಗೆ ತೋರಿಸಿದರು. ಕಣ್ಣು ಒದ್ದೆಯಾದದ್ದು ನಿಜ.

ಆದರೆ ನನ್ನ ಆಕ್ಷೇಪಣೆ ಆರಂಭವಾಗುವುದೂ ಇಲ್ಲಿಂದಲೇ. ಮಿಲಾನಿನ ಕಥೆಯನ್ನು ಹೇಳುವವರು ಅದರ ಮುಂದಿನ ವರ್ಷದ ಕಥೆಯನ್ನು ಅಷ್ಟೇ ಅಕ್ಕರೆಯಿಂದ ಹೇಳುವುದನ್ನು ನಾನು ಕಾಣಲಿಲ್ಲ.

ಇಂಡಿಯಾನಾಪೊಲಿಸ್ಸಿನಲ್ಲಿ ಕ್ರಿಸ್ಪಸ್ ಅಟಕ್ಸ್ ಎಂಬ ಪ್ರೌಢಶಾಲೆ ಇದೆ. 1770ರಲ್ಲಿ ಬೋಸ್ಟನ್ ನಗರದಲ್ಲಿ ಬ್ರಿಟಿಷ್ ಸೈನಿಕರ ಗುಂಡಿಗೆ ಬಲಿಯಾದ ಕಪ್ಪು ಜನಾಂಗದ ವ್ಯಕ್ತಿಯ ಹೆಸರು ಅದು. ಕೂ ಕ್ಲಕ್ಸ್ ಕ್ಲಾನ್ ಆ ರಾಜ್ಯದಲ್ಲಿ ಪ್ರಬಲವಾಗಿದ್ದ ಕಾಲದಲ್ಲಿ, ನಗರದ ಕಪ್ಪು ಮಕ್ಕಳನ್ನೆಲ್ಲ ಬಿಳಿಯರ ಶಾಲೆಗಳಿಂದ ಬೇರ್ಪಡಿಸಿ ಒಂದೆಡೆ ಕೂಡಿಹಾಕಲು 1927ರಲ್ಲಿ ತೆರೆದ ಶಾಲೆ. ಅವಮಾನಿಸಲೆಂದೇ ಕಟ್ಟಿದ ಆ ಶಾಲೆ ಏನಾಯಿತು ಗೊತ್ತೇ? ವಿಶ್ವವಿದ್ಯಾಲಯಗಳು ಕೆಲಸ ಕೊಡಲೊಲ್ಲದ ಸ್ನಾತಕೋತ್ತರ ಪದವೀಧರರೂ ಡಾಕ್ಟರೇಟ್ ಪಡೆದವರೂ ಅಲ್ಲಿಗೆ ಶಿಕ್ಷಕರಾಗಿ ಬಂದರು. ಅಂಥ ಅಧ್ಯಾಪಕರ ಕೋಣೆಯಲ್ಲಿ ಒಂದು ದಿನವಾದರೂ ಕುಳಿತು ಅವರ ಮಾತು ಕೇಳಬೇಕಿತ್ತೆಂದು ನನಗೆ ಆಸೆಯಾಗುತ್ತದೆ. ಇರಲಿ.

‘ಎಲ್ಲರಿಗೂ ಒಂದೇ ಪಂದ್ಯಾವಳಿ’ ಎಂದು ಬೀಗುತ್ತಿದ್ದ ರಾಜ್ಯ, ಈ ಶಾಲೆಗೆ 1942ರವರೆಗೆ ಅದರ ಬಾಗಿಲನ್ನೇ ತೆರೆಯಲಿಲ್ಲ. ಹೆಣ್ಣುಮಕ್ಕಳ ರಾಜ್ಯ ಪಂದ್ಯಾವಳಿ ಆರಂಭವಾದದ್ದಂತೂ 1976ರಲ್ಲಿ! ಅಟಕ್ಸ್ ಹುಡುಗರಿಗೆ ಪಂದ್ಯಗಳಿಗೆ ತಕ್ಕ ಕ್ರೀಡಾಂಗಣವೂ ಶಾಲೆಯಲ್ಲಿರಲಿಲ್ಲ. 1954ರಲ್ಲಿ ಅವರು ಇದೇ ಮಿಲಾನಿಗೆ ಸೋತರು. ಮರುವರ್ಷ, ರೇ ಕ್ರೋ ಎಂಬ ಶಿಕ್ಷಕರ ತರಬೇತಿಯಲ್ಲಿ, ಆಸ್ಕರ್ ರಾಬರ್ಟ್‌ಸನ್ ಎಂಬ ಹುಡುಗನ ಮುಂದಾಳುತನದಲ್ಲಿ ಅವರು ರಾಜ್ಯದ ಕಿರೀಟವನ್ನು ಗೆದ್ದರು. 1956ರಲ್ಲಿ ಒಂದು ಪಂದ್ಯವನ್ನೂ ಸೋಲದೆ ಮತ್ತೊಮ್ಮೆ ಗೆದ್ದರು.

ಗೆದ್ದ ತಂಡವನ್ನು ಅಗ್ನಿಶಾಮಕ ವಾಹನದ ಮೇಲೆ ಕೂರಿಸಿ ನಗರದ ನಟ್ಟನಡುವಿನ ಸ್ಮಾರಕ ವೃತ್ತದಲ್ಲಿ ಸಂಭ್ರಮಿಸುವುದು ಅಲ್ಲಿಯ ವಾಡಿಕೆ. 1955ರಲ್ಲಿ ಈ ಹುಡುಗರಿಗೆ ವೃತ್ತದ ಸುತ್ತ ಒಂದು ಸುತ್ತು ಮಾತ್ರ ಸಿಕ್ಕಿತು. ಅಲ್ಲಿ ನಿಲ್ಲಗೊಡದೆ ಕಪ್ಪು ಜನರ ಬಡಾವಣೆಯ ಉದ್ಯಾನವನಕ್ಕೆ ಸಾಗಿಸಿದರು. ಸ್ವಂತ ನಗರಕ್ಕೆ ಮೊತ್ತಮೊದಲ ರಾಜ್ಯ ಪ್ರಶಸ್ತಿ ತಂದುಕೊಟ್ಟ ಮಕ್ಕಳನ್ನು! ರಾಬರ್ಟ್‌ಸನ್ ಆ ರಾತ್ರಿ ಸಂಭ್ರಮವನ್ನು ಅರ್ಧಕ್ಕೇ ಬಿಟ್ಟು ಮನೆಗೆ ಹೋದದ್ದನ್ನು ಮುಂದೆ ತಾವೇ ಹೇಳಿಕೊಂಡಿದ್ದಾರೆ. ಅವರು 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ದೇಶಕ್ಕೆ ಚಿನ್ನ ಗೆದ್ದ ತಂಡದಲ್ಲಿದ್ದರೆಂಬುದು ಬಹುಮಂದಿಗೆ ಗೊತ್ತು. ನನ್ನ ಮನಸ್ಸಿನಲ್ಲಿ ಉಳಿದದ್ದು ಮನೆಗೆ ನಡೆದುಬಂದ ಆ ಹದಿನಾರರ ಹುಡುಗ. ಅವನಿಗೆ ಮರುದಿನ ತರಗತಿಯಲ್ಲಿ ನಾನಾಗಿದ್ದರೆ ಏನು ಹೇಳುತ್ತಿದ್ದೆ?

1997ರ ನಂತರ ಆ ಪಂದ್ಯಾವಳಿಯನ್ನು ಶಾಲೆಯ ಗಾತ್ರಕ್ಕನುಗುಣವಾಗಿ ನಾಲ್ಕು ವರ್ಗಗಳಾಗಿ ಒಡೆದರು. ಪರಂಪರೆ ಸತ್ತಿತೆಂದು ಹಿರಿಯರು ಇಂದಿಗೂ ಹಲುಬುತ್ತಾರೆ. ಒಡೆದವರ ವಾದದಲ್ಲೂ ಹುರುಳಿದೆ. ಮಿಲಾನಿನ ಬಳಿಕ ಅಷ್ಟು ಚಿಕ್ಕ ಶಾಲೆ ಗೆದ್ದದ್ದೇ ಇಲ್ಲ. ವರ್ಷವರ್ಷವೂ ಮೊದಲ ಸುತ್ತಿನಲ್ಲೇ ಸೋತು ಬರುವ ಮಕ್ಕಳಿಗೂ ಒಂದು ಗೆಲುವು ಬೇಡವೇ? ಹೋಬಳಿಯಲ್ಲಿ ಸೋತು ಹಿಂದಿರುಗುವಾಗ ಬಸ್ಸಿನಲ್ಲಿ ಮಾತಿಲ್ಲದೆ ಕುಳಿತ ಹುಡುಗರನ್ನು ಕಂಡ ನಾನು ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾರೆ. ಸಣ್ಣ ಶಾಲೆಗಳು ಒಂದರಲ್ಲೊಂದು ವಿಲೀನವಾಗಿ, 1938ರಲ್ಲಿ 700ಕ್ಕೂ ಹೆಚ್ಚಿದ್ದ ತಂಡಗಳು 1997ರ ವೇಳೆಗೆ 400ಕ್ಕಿಂತ ಕೆಳಗೆ ಇಳಿದಿದ್ದವು ಎಂಬುದೂ ನಿಜ.

ಆದರೂ ನಾನು ಒಂದೇ ಪಂದ್ಯಾವಳಿಯ ಪಕ್ಷ. ನನ್ನ ಕಾರಣ ಮಿಲಾನ್ ಅಲ್ಲ, ಅಟಕ್ಸ್. 1955ರ ಆ ಹುಡುಗರಿಗೆ ಪ್ರತ್ಯೇಕ ಶಾಲೆ ಕೊಟ್ಟಾಗಿತ್ತು, ಪ್ರತ್ಯೇಕ ಬಡಾವಣೆ ಕೊಟ್ಟಾಗಿತ್ತು, ಸಂಭ್ರಮಕ್ಕೂ ಪ್ರತ್ಯೇಕ ಜಾಗ ಕೊಟ್ಟರು. ಪ್ರತ್ಯೇಕ ಕಿರೀಟವೊಂದನ್ನು ಮಾತ್ರ ಕೊಡಲು ಸಾಧ್ಯವಾಗಲಿಲ್ಲ. ಏಕೆಂದರೆ ಇದ್ದದ್ದು ಒಂದೇ ಕಿರೀಟ. ಹಳೆಯ ಪದ್ಧತಿಗಾಗಿ ಹಲುಬುವವರು ಈ ಹುಡುಗರ ಹೆಸರನ್ನು ಮೊದಲು ಹೇಳಲಿ. ಆಗ ಅವರ ಜೊತೆ ನಾನೂ ಹಲುಬುತ್ತೇನೆ.

2017ರಲ್ಲಿ ಅಟಕ್ಸ್ ಶಾಲೆ 58 ವರ್ಷಗಳ ನಂತರ ಮತ್ತೆ ರಾಜ್ಯ ಪ್ರಶಸ್ತಿ ಗೆದ್ದಿತು, ಮೂರು-ಎ ಎಂಬ ವರ್ಗದಲ್ಲಿ. ನಾಲ್ಕು ವರ್ಗದವರನ್ನೂ ಒಟ್ಟಿಗೆ ಆಡಿಸಿದ್ದರೆ ಸೋಲುತ್ತಿದ್ದರೆಂದು ನನ್ನ ಅಳಿಯಂದಿರ ವಾದ. ಇರಬಹುದು. ನನಗಂತೂ ಆ ಪಂದ್ಯ ನೋಡಬೇಕಿತ್ತು.